ಎರಡು ವರ್ಷದ ಪಾಠ, ಎಂಟು ವರ್ಷದ ಜೊತೆ

ವೈಟ್‌ಫೀಲ್ಡಿನ ಪಶುವೈದ್ಯರ ಕ್ಲಿನಿಕ್ಕುಗಳಲ್ಲಿ ಲಸಿಕೆಗೆ ಸರದಿ ಕಾಯುತ್ತ ಕೂತವರ ಬಾಯಲ್ಲಿ ಕೇಳಿಬರುವ ಪ್ರಶ್ನೆಗಳಲ್ಲಿ ಇದೂ ಒಂದು: 'ನಮ್ಮಮ್ಮಂಗೆ ಶುಗರ್ ಇದೆ ಡಾಕ್ಟ್ರೇ, ರಾತ್ರಿ ಹೊತ್ತು ಇದ್ದಕ್ಕಿದ್ದಂಗೆ ಇಳಿದುಬಿಡುತ್ತೆ. ಒಂದು ಲ್ಯಾಬ್ ಮರಿ ತಂದು ಟ್ರೈನಿಂಗ್ ಕೊಡಿಸಿದ್ರೆ ನಮ್ಮನ್ನ ಎಬ್ಬಿಸುತ್ತಾ? ಎಷ್ಟು ತಿಂಗಳಾಗುತ್ತೆ?' ಕೇಳುವವರ ಕಾಳಜಿ ಅಪ್ಪಟ. ಮಗ ಐಟಿಪಿಎಲ್‌ನಲ್ಲಿ, ಸೊಸೆ ಮಾರತ್‌ಹಳ್ಳಿಯಲ್ಲಿ, ಊರಿಂದ ಬಂದ ತಾಯಿ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಹಗಲೆಲ್ಲ ಒಬ್ಬರೇ. ನಾಯಿಯೊಂದು ಜೊತೆಗಿದ್ದರೆ ಧೈರ್ಯ ಅನ್ನಿಸುವುದು ಸಹಜ. ಆದರೆ ಉತ್ತರವನ್ನು ತಿಂಗಳ ಲೆಕ್ಕದಲ್ಲಿ ಹೇಳಲು ಬರುವುದಿಲ್ಲ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಅಷ್ಟೆಲ್ಲ ಆದಮೇಲೂ ನಾಯಿ ಆ ಕೆಲಸಕ್ಕೆ ಒಗ್ಗದೇ ಹೋಗಬಹುದು. ಇದನ್ನು ಮೊದಲೇ ಹೇಳುವವರು ಕಡಿಮೆ. ಹೇಳದೇ ಇರುವುದರಿಂದ ಮನುಷ್ಯರಿಗಿಂತ ಹೆಚ್ಚು ಕಷ್ಟ ಅನುಭವಿಸುವುದು ನಾಯಿಗಳು.

ಕಣ್ಣು ಕಾಣದವರಿಗೆ ದಾರಿ ತೋರಿಸುವ, ಕಿವಿ ಕೇಳದವರಿಗೆ ಬಾಗಿಲ ಬೆಲ್ಲು ತಿಳಿಸುವ, ವೀಲ್‌ಚೇರಿನಲ್ಲಿರುವವರಿಗೆ ಕೆಳಗೆ ಬಿದ್ದದ್ದನ್ನು ಎತ್ತಿಕೊಡುವ, ಗಾಬರಿ ಏರುತ್ತಿರುವವರ ತೊಡೆಯ ಮೇಲೆ ಮೈಭಾರ ಹಾಕಿ ಮಲಗುವ ನಾಯಿಗಳನ್ನು ಸರ್ವಿಸ್ ಡಾಗ್ ಎನ್ನುತ್ತಾರೆ. ಮನೆಯಲ್ಲಿ ಮುದ್ದಿಗೆಂದು ಸಾಕಿದ ನಾಯಿಯೂ ಮನಸ್ಸಿಗೆ ಸಮಾಧಾನ ಕೊಡುತ್ತದೆ ನಿಜ. ಆದರೆ ಸರ್ವಿಸ್ ಡಾಗ್ ಅನ್ನಿಸಿಕೊಳ್ಳಬೇಕಾದರೆ ಒಬ್ಬ ವ್ಯಕ್ತಿಯ ಅಂಗವೈಕಲ್ಯಕ್ಕೆ ನೇರ ಸಂಬಂಧಪಟ್ಟ ಕೆಲಸವೊಂದನ್ನು ಅದು ಕಲಿತಿರಬೇಕು, ಮನೆಯಾಚೆಯ ಗದ್ದಲದಲ್ಲೂ ಮಾಡಿ ತೋರಿಸಬೇಕು. ಈ ವ್ಯವಸ್ಥೆಯ ಮೊದಲ ಶಾಲೆ ಶುರುವಾದದ್ದು ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ, 1916ರಲ್ಲಿ, ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ. 1929ರಲ್ಲಿ ಅಮೆರಿಕದಲ್ಲಿ 'ದಿ ಸೀಯಿಂಗ್ ಐ' ಹುಟ್ಟಿತು. ಅಲ್ಲೆಲ್ಲ ಅರ್ಜಿ ಹಾಕಿ ಕಾದರೆ ತಯಾರಾದ ನಾಯಿ ಸಿಗುವ ದಾರಿಯಿದೆ. ನಮ್ಮಲ್ಲಿ ಅಂಥ ವ್ಯವಸ್ಥೆ ಬೆಳೆದಿಲ್ಲ. ಹಾಗಾಗಿ ಬೇಕಾದವರು ತಾವೇ ಮರಿ ತಂದು ತಾವೇ ಪಳಗಿಸಬೇಕು. ಅಮೆರಿಕದ ಕಾನೂನು ಕೂಡ ಸ್ವಂತವಾಗಿ ತರಬೇತಿ ಕೊಟ್ಟ ನಾಯಿಯನ್ನು ಒಪ್ಪುತ್ತದೆ. ಹಾಗಾಗಿ ಈ ದಾರಿ ತಪ್ಪಲ್ಲ, ಉದ್ದ ಅಷ್ಟೆ.

ಎಷ್ಟು ಉದ್ದ ಎನ್ನುವುದಕ್ಕೆ ಹೊರದೇಶದ ಸಂಸ್ಥೆಗಳ ಅನುಭವವೇ ಸಾಕ್ಷಿ. ಅವು ತಲೆಮಾರುಗಳಿಂದ ಆರಿಸಿದ ತಳಿಯ ಮರಿಗಳನ್ನು ತಾವೇ ಹುಟ್ಟಿಸುತ್ತವೆ, ವರ್ಷಕ್ಕೂ ಹೆಚ್ಚು ಕಾಲ ಸ್ವಯಂಸೇವಕರ ಮನೆಗಳಲ್ಲಿ ಬೆಳೆಸುತ್ತವೆ, ಆಮೇಲೆ ಪೂರ್ಣಾವಧಿ ತರಬೇತುದಾರರ ಕೈಗೆ ಒಪ್ಪಿಸುತ್ತವೆ. ಇಷ್ಟಾಗಿಯೂ ಸುಮಾರು ಅರ್ಧದಷ್ಟು ನಾಯಿಗಳು ಕೊನೆ ಮುಟ್ಟುವುದಿಲ್ಲ. ಒಂದಕ್ಕೆ ಸೊಂಟದ ಕೀಲಿನ ತೊಂದರೆ, ಇನ್ನೊಂದಕ್ಕೆ ಸದ್ದಿನ ಭಯ, ಮತ್ತೊಂದಕ್ಕೆ ಅಳಿಲು ಕಂಡರೆ ಜಗತ್ತೇ ಮರೆತುಹೋಗುತ್ತದೆ. ಅಲ್ಲಿ ಅರ್ಧಕ್ಕರ್ಧ ಉಳಿಯುವಾಗ, ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದೆ ಮಾರಾಟಗಾರನಿಂದ ತಂದ ಮರಿ, ಆಫೀಸು ಮುಗಿಸಿ ರಾತ್ರಿ 8ಕ್ಕೆ ಮನೆ ಮುಟ್ಟುವ ಯಜಮಾನನ ಕೈಯಲ್ಲಿ ಖಂಡಿತ ಪಾಸಾಗುತ್ತದೆ ಎಂದು ನಂಬುವುದು ಆ ಮರಿಗೆ ಮಾಡುವ ಅನ್ಯಾಯ.

ಮರಿಯ ಜೊತೆ ದಿನವಿಡೀ ಇರುವುದೆಂದರೆ ಏನೆಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಬನ್ನೇರುಘಟ್ಟ ಕಾಡಿನ ಪಕ್ಕದ ತರಳು ಗ್ರಾಮದಲ್ಲಿ ಸಿಆರ್‌ಪಿಎಫ್‌ನ ಶ್ವಾನ ತಳಿ ಮತ್ತು ತರಬೇತಿ ಶಾಲೆ 2011ರಿಂದ ಇದೆ. ಅಲ್ಲಿ ನಾಯಿಗೆ ಊಟ ಹಾಕುವುದು, ಮೈ ಉಜ್ಜುವುದು, ನಡೆಸುವುದು, ಕಲಿಸುವುದು ಯೋಧನ ನೌಕರಿಯೇ. ಬಿಡುವಿನ ಹೊತ್ತಿನ ಹವ್ಯಾಸವಲ್ಲ. 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು 12 ಕಿಲೋಮೀಟರ್ ಓಡಿದ ದಾವಣಗೆರೆ ಪೊಲೀಸರ ನಾಯಿ ತುಂಗಾಳ ಫೋಟೊ ನಾವೆಲ್ಲ ನೋಡಿದೆವು. ಆ ಓಟದ ಹಿಂದೆ ಹ್ಯಾಂಡ್ಲರ್ ಕಳೆದ ಬೆಳಗುಗಳು ಯಾವ ಫೋಟೊದಲ್ಲೂ ಬರುವುದಿಲ್ಲ. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ '777 ಚಾರ್ಲಿ' 2022ರ ಜೂನ್‌ನಲ್ಲಿ ತೆರೆಗೆ ಬಂದಾಗ ಚಿತ್ರಮಂದಿರದಲ್ಲಿ ಅತ್ತವರೆಷ್ಟೋ. ಸಿನಿಮಾ ಘೋಷಣೆಯಾದದ್ದು 2017ರಲ್ಲಿ. ನಾಯಿಯ ತರಬೇತುದಾರ ಪ್ರಮೋದ್ ಅವರ ಶ್ರಮ ಅದರಲ್ಲಿ ವರ್ಷಗಳದ್ದು. ತೆರೆಯ ಮೇಲೆ ಒಂದು ನಿಮಿಷ ಕಾಣುವ ನಡವಳಿಕೆಯ ಹಿಂದೆ ಎಷ್ಟು ದಿನದ ಪಾಠ, ಎಷ್ಟು ರೀಟೇಕು ಇರುತ್ತದೆ ಎಂಬುದನ್ನು ನೋಡುಗರು ಊಹಿಸಿಕೊಂಡರೆ ಒಳ್ಳೆಯದು.

ಈಗ ಶುಗರ್ ವಿಷಯ. ರಕ್ತದ ಸಕ್ಕರೆ ಇಳಿದಾಗ ಬೆವರು, ಉಸಿರಿನ ವಾಸನೆಯಲ್ಲಿ ಆಗುವ ಬದಲಾವಣೆಯನ್ನು ಕೆಲವು ನಾಯಿಗಳು ಗುರುತಿಸುತ್ತವೆ. ಬ್ರಿಟನ್ನಿನಲ್ಲಿ ಹೀಗೆ ತರಬೇತಾದ 27 ನಾಯಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆ ತೀರ ಇಳಿದ 100 ಸಂದರ್ಭಗಳಲ್ಲಿ ನಡುಮಟ್ಟದ ನಾಯಿ 83 ಸಲ ಎಚ್ಚರಿಸಿತ್ತು. ಏರಿದಾಗ ಎಚ್ಚರಿಸಿದ್ದು 67 ಸಲ. ಅವೆಲ್ಲ ಸಂಸ್ಥೆಯೊಂದು ಆರಿಸಿ ತಯಾರು ಮಾಡಿದ ನಾಯಿಗಳು, ಅವುಗಳ ನಡುವೆಯೂ ವ್ಯತ್ಯಾಸ ಬಹಳ. ಅದಕ್ಕೂ ಮುಂಚೆ ಅಮೆರಿಕದಲ್ಲಿ 8 ನಾಯಿಗಳನ್ನು ಚರ್ಮಕ್ಕೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಜೊತೆ ಹೋಲಿಸಿದಾಗ ಸಕ್ಕರೆ ಇಳಿದ ಸಂದರ್ಭಗಳಲ್ಲಿ ನಾಯಿಗಳು ಹಿಡಿದದ್ದು ಶೇ 36ರಷ್ಟನ್ನು ಮಾತ್ರ. ಎರಡೂ ಎಚ್ಚರಿಸಿದ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಸೆನ್ಸರ್ 22 ನಿಮಿಷ ಮುಂದಿತ್ತು. ಆ ಸೆನ್ಸರು ಇವತ್ತು ನಮ್ಮ ಊರಲ್ಲೂ ಸಿಗುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಯನ್ನು ನಾಯಿಯೊಂದರ ತಲೆಯ ಮೇಲೆ ಹೊರಿಸಬಾರದು. ಸೆನ್ಸರ್ ಕೂಗಿದಾಗ ಪಕ್ಕದ ಕೋಣೆಗೆ ಹೋಗಿ ಮಗನನ್ನು ಎಬ್ಬಿಸುವುದನ್ನು ನಾಯಿಗೆ ಕಲಿಸಬಹುದು, ಅದು ಕೈಗೆಟಕುವ ಗುರಿ. ವಾಸನೆಯಿಂದಲೇ ಕಂಡುಹಿಡಿ ಎಂದು ಮನೆಯಲ್ಲಿ ಕಲಿಸಹೊರಡುವುದು ಬೇರೆಯೇ ಮಟ್ಟದ ಸಾಹಸ. ಫಿಟ್ಸ್ ವಿಷಯದಲ್ಲೂ ಇದೇ ಮಾತು. ಫಿಟ್ಸ್ ಬಂದಾಗ ಪಕ್ಕದಲ್ಲಿ ನಿಲ್ಲುವುದನ್ನು, ಬೊಗಳಿ ಜನ ಕರೆಯುವುದನ್ನು ಕಲಿಸಬಹುದು. ಬರುವ ಮುನ್ನವೇ ಹೇಳು ಎಂದು ಕಲಿಸುವ ಖಾತ್ರಿಯ ವಿಧಾನ ಯಾರ ಹತ್ತಿರವೂ ಇಲ್ಲ.

ಕಿವಿ ಮಂದವಾದವರ ಕಥೆ ಬೇರೆ. ಪೀಣ್ಯದ ಶೆಡ್ಡುಗಳಲ್ಲಿ ಪವರ್ ಪ್ರೆಸ್, ಗ್ರೈಂಡಿಂಗ್ ಮಷೀನಿನ ನಡುವೆ ದಶಕಗಟ್ಟಲೆ ದುಡಿದು ನಿವೃತ್ತರಾದವರು ದಾಸರಹಳ್ಳಿ, ಲಗ್ಗೆರೆ, ಜಾಲಹಳ್ಳಿಯ ಕಡೆ ಬೇಕಾದಷ್ಟಿದ್ದಾರೆ. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದ್ದ ಕಾಯಿಲೆ, ಅಂದರೆ ವೈದ್ಯರು ವರದಿ ಮಾಡಲೇಬೇಕಿದ್ದದ್ದು. ಅಂಥ ಒಬ್ಬರ ಮನೆ ಎಂದಿಟ್ಟುಕೊಳ್ಳಿ. ಹೆಂಡತಿ ತರಕಾರಿಗೆ ಹೋದರೆ ಬಾಗಿಲು ಬಡಿದದ್ದು ಅವರಿಗೆ ಕೇಳದು. ಮನೆಯಲ್ಲಿ ಕೆಂಚಿ ಎಂಬ ನಾಟಿ ನಾಯಿ ಇದೆ. ಬೆಲ್ ಹೊಡೆದಾಗ ಅವಳು ಬಂದು ಮೂಗಿನಿಂದ ಮೊಣಕಾಲು ತಟ್ಟಿ ಬಾಗಿಲಿಗೆ ಕರೆದೊಯ್ಯಬೇಕು. ಇದು ಮನೆಯವರೇ ಕಲಿಸಬಹುದಾದ ಕೆಲಸ.

ಪಾಠ ಬೆಲ್ಲಿನಿಂದ ಶುರುವಾಗುವುದಿಲ್ಲ. ಮೊದಲು ಬೆಲ್ಲೇ ಇಲ್ಲ, ತಾತನ ಅಂಗೈ ಮಾತ್ರ. ಕೆಂಚಿಯ ಮೂಗು ಅಂಗೈಗೆ ತಾಗಿದ ಕ್ಷಣ ಬೇಯಿಸಿದ ಕೋಳಿಯ ಸಣ್ಣ ಚೂರು. ನಾಲ್ಕೈದು ಸಲ, ಅಷ್ಟೇ, ಆಮೇಲೆ ಆಟ. ಕೆಲವು ದಿನಗಳಾದ ಮೇಲೆ ಅಂಗೈಯನ್ನು ಮೊಣಕಾಲಿನ ಪಕ್ಕ ಹಿಡಿಯುವುದು, ಆಮೇಲೆ ಕೈ ತೆಗೆದು ಬರೀ ಮೊಣಕಾಲು. ಅದು ಗಟ್ಟಿಯಾದ ಮೇಲೆ ಮೊಮ್ಮಗಳು ಕೆಂಚಿಯನ್ನು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿಕೊಂಡು 'ತಾತಂಗೆ ಹೇಳು ಹೋಗು' ಎಂದು ಕಳಿಸುತ್ತಾಳೆ. ನಾಲ್ಕು ಹೆಜ್ಜೆ ದೂರದಿಂದ, ಮರುವಾರ ಹತ್ತು ಹೆಜ್ಜೆ, ಆಮೇಲೆ ಇನ್ನೊಂದು ಕೋಣೆಯಿಂದ. ಬೆಲ್ ಪ್ರವೇಶಿಸುವುದು ಇಷ್ಟೆಲ್ಲ ಆದಮೇಲೆ: ಬೆಲ್ಲಿನ ಸದ್ದು, ಒಡನೆಯೇ 'ತಾತಂಗೆ ಹೇಳು'. ಒಂದು ದಿನ ಬೆಲ್ ಹೊಡೆದಾಗ ಮಾತು ಹೊರಡುವ ಮೊದಲೇ ಕೆಂಚಿ ತಿರುಗಿ ತಾತನ ಕಡೆ ಓಡುತ್ತಾಳೆ. ಆ ದಿನ ಯಾವಾಗ ಬರುತ್ತದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲಾಗದು. ಬಂದ ಮೇಲೂ ಪಾಠ ಮುಗಿಯುವುದಿಲ್ಲ. ತಾತ ಕುರ್ಚಿ ಬಿಟ್ಟು ಚಾಪೆಯ ಮೇಲೆ ಮಲಗಿದ್ದರೆ? ಟಿವಿ ಜೋರಾಗಿದ್ದರೆ? ಕೆಂಚಿ ನಿದ್ದೆಯಲ್ಲಿದ್ದರೆ? ಪ್ರತಿಯೊಂದೂ ಅವಳಿಗೆ ಹೊಸ ಪ್ರಶ್ನೆ, ಪ್ರತಿಯೊಂದಕ್ಕೂ ಮೊದಲಿಂದ ಸ್ವಲ್ಪ ಪಾಠ. ಬೆಲ್ಲಿನ ಜೊತೆಗೇ ಕುಕ್ಕರ್ ವಿಷಲ್, ಮೊಬೈಲ್ ಅಲಾರಂ, ಇಂಟರ್‌ಕಾಮ್ ಎಲ್ಲವನ್ನೂ ತುರುಕಿದರೆ ಒಂದೂ ಉಳಿಯದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನಾಯಿ ಕಲಿಸುವವರಿಗೆ ಪೂರ್ತಿ ಅನ್ವಯ.

ದಿನಕ್ಕೆ ಹೆಚ್ಚು ಹೊತ್ತು ಕಲಿಸಿದರೆ ಬೇಗ ಕಲಿಯುತ್ತದೆ ಎನ್ನುವುದೂ ಸುಳ್ಳು. ಡೆನ್ಮಾರ್ಕಿನಲ್ಲಿ 44 ಬೀಗಲ್ ನಾಯಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನವೂ ಪಾಠ ಹೇಳಿಸಿಕೊಂಡವುಗಳಿಗಿಂತ ವಾರಕ್ಕೆ ಒಂದೆರಡು ಸಲ ಕಲಿತ ನಾಯಿಗಳು ಕಡಿಮೆ ಪಾಠಗಳಲ್ಲೇ ಕೆಲಸ ಹಿಡಿದವು. ಒಂದೇ ಉಸಿರಿಗೆ ಮೂರು ಪಾಠ ಮಾಡಿದವುಗಳಿಗಿಂತ ಒಂದೇ ಪಾಠಕ್ಕೆ ನಿಲ್ಲಿಸಿದವು ಮುಂದಿದ್ದವು. ಕಲಿತದ್ದು ನಾಯಿಯ ತಲೆಯಲ್ಲಿ ನೆಲೆಯೂರುವುದು ಪಾಠದ ನಡುವಿನ ಬಿಡುವಿನಲ್ಲಿ, ನಿದ್ದೆಯಲ್ಲಿ. ಬೆಂಗಳೂರಿನ ಬೀದಿನಾಯಿಗಳ ದಿನಚರಿಯನ್ನು ಹತ್ತಿರದಿಂದ ಗಮನಿಸಿದ ಸಿಂಧೂರ್ ಪಂಗಲ್ ಅವರೂ ಒತ್ತಿ ಹೇಳುವುದು, ತಮ್ಮಷ್ಟಕ್ಕೆ ಬಿಟ್ಟ ನಾಯಿಗಳು ದಿನದ ಹೆಚ್ಚಿನ ಹೊತ್ತನ್ನು ಮಲಗಿ, ಸುಮ್ಮನೆ ಕೂತು ಕಳೆಯುತ್ತವೆ ಎಂಬುದನ್ನು. ನಮ್ಮ ಮನೆಯ ನಾಯಿಗೂ ಆ ಹಕ್ಕಿದೆ.

ಮರಿಗೆ ಎಂಟು ತಿಂಗಳಾಗುವ ಸುಮಾರಿಗೆ ಇನ್ನೊಂದು ಕಷ್ಟ ಕಾದಿರುತ್ತದೆ. ಅಲ್ಲಿಯವರೆಗೆ ಕರೆದರೆ ಓಡಿ ಬರುತ್ತಿದ್ದ ಮರಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ಬ್ರಿಟನ್ನಿನ ಸಂಶೋಧಕರು ಗೈಡ್ ಡಾಗ್ ಆಗಲೆಂದು ಬೆಳೆಯುತ್ತಿದ್ದ ಮರಿಗಳನ್ನೇ ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದರು: ಐದು ತಿಂಗಳಲ್ಲಿ ಹೇಳಿದಂತೆ ಕೂರುತ್ತಿದ್ದ ಮರಿಗಳು ಎಂಟು ತಿಂಗಳಲ್ಲಿ ಸಾಕಿದವರ ಮಾತನ್ನೇ ಕಡೆಗಣಿಸಿದವು, ಅಪರಿಚಿತರ ಮಾತು ಕೇಳಿದವು. ಹರೆಯ ದಾಟಿದ ಮೇಲೆ ಸರಿಹೋದವು. ತರಬೇತಿಗೆ ಸೇರಿಸಿ ನಾಯಿಯನ್ನು ಅರ್ಧಕ್ಕೇ ಕೈಬಿಡುವವರು, ಹೊಡೆತಕ್ಕೆ ಇಳಿಯುವವರು, ಕತ್ತು ಬಿಗಿಯುವ ಚೈನು ಕೊಳ್ಳುವವರು ಹೆಚ್ಚಾಗಿ ದುಡುಕುವುದು ಈ ಘಟ್ಟದಲ್ಲೇ. ಮನೆಯಲ್ಲಿ ಹದಿಹರೆಯದ ಮಕ್ಕಳನ್ನು ಕಂಡವರು ಇದನ್ನು ತಾಳಿಕೊಳ್ಳಬಲ್ಲರು.

ಇನ್ನು ಊರು. ಹೊರವಲಯದ ಬೆಂಗಳೂರು ನಾಯಿಗೆ ಸುಲಭದ ಜಾಗವಲ್ಲ. ಪೀಣ್ಯದಲ್ಲಿ ಲಾರಿಯ ಏರ್ ಬ್ರೇಕಿನ ಉಸ್ ಸದ್ದು, ಶಟರ್ ಎಳೆದ ಸದ್ದು, ತಗಡಿನ ಹಾಳೆ ಇಳಿಸುವ ಸದ್ದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪನಿ ಬಸ್ಸುಗಳ ಸಾಲು. ವೈಟ್‌ಫೀಲ್ಡಿನಲ್ಲಿ ಫುಟ್‌ಪಾತೇ ಇಲ್ಲದ ಕಡೆ ಟ್ಯಾಂಕರಿನ ಪಕ್ಕದಲ್ಲೇ ನಡೆಯಬೇಕು. ಜೊತೆಗೆ 2023ರ ಬಿಬಿಎಂಪಿ ಸಮೀಕ್ಷೆ ಅಂದಾಜಿಸಿದ 2.79 ಲಕ್ಷ ಬೀದಿನಾಯಿಗಳು. ಎಂಟು ವಲಯಗಳಲ್ಲಿ ಅತಿ ಹೆಚ್ಚು ಕಂಡದ್ದು ವೈಟ್‌ಫೀಲ್ಡ್ ಸೇರಿದ ಮಹದೇವಪುರದಲ್ಲೇ. ಪ್ರತಿ ತಿರುವಿನಲ್ಲೂ ಒಂದು ಗುಂಪಿನ ಗಡಿ. ವಿದೇಶದ ಪುಸ್ತಕ ಓದಿ 'ನಾಯಿಯನ್ನು ಊರೆಲ್ಲ ಸುತ್ತಾಡಿಸಿ' ಎಂಬ ಸಲಹೆಯನ್ನು ಇಲ್ಲಿ ಕಣ್ಣುಮುಚ್ಚಿ ಪಾಲಿಸಿದರೆ, ಒಂದೇ ಒಂದು ಕಚ್ಚಾಟ ತಿಂಗಳುಗಳ ಪಾಠ ಅಳಿಸಿಬಿಡಬಹುದು. ಇಲ್ಲಿಯ ಕ್ರಮ ಇಲ್ಲಿಯದೇ ಆಗಬೇಕು. ಸದ್ದಿಗೆ ಹತ್ತಿರ ಹೋಗುವ ಬದಲು, ಮರಿ ತಿಂಡಿ ತಿನ್ನುವಷ್ಟು ನೆಮ್ಮದಿಯಿಂದಿರುವ ದೂರ ಹುಡುಕಬೇಕು. ಅದು 100 ಮೀಟರ್ ಆದರೆ 100 ಮೀಟರ್. ತಿಂಡಿ ಬೇಡವೆಂದು ಮುಖ ತಿರುಗಿಸಿದರೆ ಹತ್ತಿರವಾಯಿತೆಂದೇ ಅರ್ಥ. ಭಾನುವಾರ ಪೀಣ್ಯದ ಕ್ರಾಸುಗಳು ಖಾಲಿ ಇರುತ್ತವೆ. ಶುರು ಅಲ್ಲಿಂದ ಮಾಡಬಹುದು. ಏಪ್ರಿಲ್‌ನಲ್ಲಿ ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನು ಹೊರಗೆ ಕರೆದೊಯ್ಯುವುದು ಬೇಡ. ದೀಪಾವಳಿಯ ವಾರ ಪಾಠಕ್ಕೆ ರಜೆ.

ಯಾವ ನಾಯಿ ಎಂಬ ಪ್ರಶ್ನೆಗೂ ಇದೇ ಊರು ಅರ್ಧ ಉತ್ತರ ಕೊಡುತ್ತದೆ. ಲ್ಯಾಬ್ರಡಾರ್ ಜನರೊಂದಿಗೆ ಹೊಂದಿಕೊಳ್ಳುವ, ತಿಂಡಿಗೆ ಒಲಿಯುವ ತಳಿ. ಆದರೆ ಸೊಂಟದ ಕೀಲು ಗಟ್ಟಿಯಿದೆಯೇ ಎಂದು ಅಮೆರಿಕದ ಪದ್ಧತಿಯಲ್ಲಿ ಅಂತಿಮವಾಗಿ ಹೇಳುವುದೇ ಎರಡು ವರ್ಷ ತುಂಬಿದ ಮೇಲಿನ ಎಕ್ಸ್‌ರೇ ನೋಡಿ. ಅದಕ್ಕೂ ಮುಂಚೆ ನಾಯಿಯನ್ನು ಆಸರೆಗೋಲಿನಂತೆ ಬಳಸುವುದು ಕ್ರೌರ್ಯ. ನಾಟಿ ನಾಯಿ ಬಿಸಿಲು ತಡೆಯುತ್ತದೆ, ಸದ್ದಿಗೆ ಚುರುಕು. ಕಿವಿಯ ಕೆಲಸಕ್ಕೆ ಅಮೆರಿಕದಲ್ಲೂ ಎಷ್ಟೋ ನಾಯಿಗಳನ್ನು ಅನಾಥ ಪ್ರಾಣಿಗಳ ಆಶ್ರಯಗಳಿಂದಲೇ ಆರಿಸಿದ್ದಾರೆ. ಆದರೆ ಅಪರಿಚಿತರನ್ನು ಕಂಡರೆ ಹಿಂಜರಿಯುವ ಸ್ವಭಾವ ಕೆಲವಕ್ಕೆ ಇರುವುದರಿಂದ, ಜನಜಂಗುಳಿಯ ಕೆಲಸಕ್ಕಿಂತ ಮನೆಯೊಳಗಿನ ಕೆಲಸ ಅವಕ್ಕೆ ಹೊಂದುತ್ತದೆ. 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಲ್ಲಿ ದತ್ತು ಪಡೆಯುವವರಿಗೆ, ಸ್ವಭಾವ ಆಗಲೇ ತಿಳಿದಿರುವ ಬೆಳೆದ ನಾಯಿ ಸಿಗುವ ಅನುಕೂಲ ಇದೆ.

ನಾಯಿಯಿಂದ ಎಷ್ಟು ಕೇಳಬೇಕು ಎನ್ನುವುದಕ್ಕೆ ಒಂದು ಹಳೆಯ ಕಲ್ಲು ನೆನಪಾಗುತ್ತದೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ಕಡೆಯ ಆತಕೂರಿನ ಶಾಸನವಿದೆ, ಕ್ರಿ.ಶ. 949-50ರ ಕಾಲದ್ದು. ದೊರೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೇರ ಎಂಬ ಯೋಧ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಂದಿಗೆ ಕಾದಾಡಿ ಸತ್ತ ಆ ನಾಯಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು. ಕಾಳಿಯಿಂದ ಅವರು ಬಯಸಿದ್ದು ಬೇಟೆಯೊಂದನ್ನೇ, ಅವಳ ರಕ್ತದಲ್ಲೇ ಇದ್ದದ್ದನ್ನು. ಸಾವಿರ ವರ್ಷದ ಮೇಲೆ ನಾವು ಒಂದೇ ಲ್ಯಾಬ್ ಮರಿಯಿಂದ ಕಾವಲು, ಆರೈಕೆ, ಮಗುವಿಗೆ ಆಟ, ಒಂಟಿತನಕ್ಕೆ ಮದ್ದು, ರೋಗಕ್ಕೆ ಅಲಾರಂ ಎಲ್ಲವನ್ನೂ ಕೇಳುತ್ತಿದ್ದೇವೆ.

ಒಂದು ಕೆಲಸ ಚೆನ್ನಾಗಿ ಕಲಿತ ಮೇಲೆ ಗೇಟಿನ ಪ್ರಶ್ನೆ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ, ಸಹಾಯಕ ನಾಯಿ ಎಂದರೇನೆಂದು ಹೇಳುವುದಿಲ್ಲ. ಸರ್ಕಾರಿ ನೋಂದಣಿಯೂ ಇಲ್ಲ. ಹಣ ಕೊಟ್ಟರೆ ಸಿಗುವ ಗುರುತಿನ ಚೀಟಿ, ಕೆಂಪು ಜಾಕೆಟ್ಟುಗಳಿಗೆ ಕಾನೂನಿನ ಬೆಲೆಯಿಲ್ಲ. ಪಾಠವೇ ಆಗದ ನಾಯಿಗೆ ಅದನ್ನು ತೊಡಿಸಿದರೆ ನಿಜವಾಗಿ ಅಗತ್ಯವಿರುವವರ ದಾರಿ ಮುಚ್ಚುತ್ತದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನಾಗಲಿ, ಅದು ಲಿಫ್ಟ್ ಬಳಸುವುದನ್ನಾಗಲಿ ನಿಷೇಧಿಸುವಂತಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಾಯಿಗೆ ಅರ್ಧ ಟಿಕೆಟ್ ಇದೆ. ನಮ್ಮ ಮೆಟ್ರೊದಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಹಾಗಾಗಿ ನೇರಳೆ ಮಾರ್ಗ ಕಾಡುಗೋಡಿಗೂ ಹಳದಿ ಮಾರ್ಗ ಬೊಮ್ಮಸಂದ್ರಕ್ಕೂ ಬಂದಿದ್ದರೂ, ನಾಯಿಯ ಜೊತೆ ಆಫೀಸಿಗೆ ಹೋಗುವ ಲೆಕ್ಕಾಚಾರವನ್ನು ಈಗಲೇ ಹಾಕುವುದು ಕಷ್ಟ. ಮನೆ, ಅಪಾರ್ಟ್‌ಮೆಂಟಿನ ಆವರಣ, ಪರಿಚಯದ ರಸ್ತೆ: ಸದ್ಯಕ್ಕೆ ಇಷ್ಟಕ್ಕೆ ತಯಾರಾದ ನಾಯಿಯೂ ದೊಡ್ಡ ಸಾಧನೆಯೇ.

ಎಲ್ಲ ಸರಿಯಾಗಿ ಮಾಡಿಯೂ ನಾಯಿ ಹಿಂದೆ ಸರಿಯಬಹುದು. ಕೆಲಸದ ಬೆಲ್ಟ್ ಕೈಗೆತ್ತಿಕೊಂಡರೆ ಮಂಚದ ಕೆಳಗೆ ಸೇರುವ, ಹೊರಗೆ ಹೊರಟರೆ ಬಾಲ ಮುದುಡುವ ನಾಯಿ ತನಗೆ ಇದು ಬೇಡವೆಂದು ಹೇಳುತ್ತಿದೆ. ಕೇಳಿಸಿಕೊಳ್ಳಬೇಕು. ಅದನ್ನು ಮನೆನಾಯಿಯಾಗಿ ಉಳಿಸಿಕೊಳ್ಳುವ ಮನಸ್ಸಿಲ್ಲದವರು ಈ ಕೆಲಸಕ್ಕೆ ಕೈಹಾಕಲೇಬಾರದು. ಒಗ್ಗಿಕೊಂಡರೂ ನಾಯಿ ದುಡಿಯುವುದು ಸಾಮಾನ್ಯವಾಗಿ ಅದಕ್ಕೆ ಒಂಬತ್ತು ಹತ್ತು ವರ್ಷ ಆಗುವವರೆಗೆ. ಆಮೇಲೆ ಅದರ ಮುಪ್ಪಿನ ಆರೈಕೆ ನಮ್ಮ ಪಾಳಿ.

ಟೆಕ್ ಪಾರ್ಕ್‌ಗಳ, ಕಾರ್ಖಾನೆಗಳ, ವಸತಿ ಸಮುಚ್ಚಯಗಳ ಆಡಳಿತದವರಲ್ಲಿ ಒಂದು ವಿನಂತಿ. ಸಂದರ್ಶಕರ ನಿಯಮಗಳಲ್ಲಿ ಸಹಾಯಕ ನಾಯಿಗೆ ಒಂದು ಸಾಲು ಸೇರಿಸಿ, ಗೇಟಿನಲ್ಲಿರುವ ಸೆಕ್ಯುರಿಟಿಯವರಿಗೆ ಅದನ್ನು ತಿಳಿಸಿಹೇಳಿ. ಅಂಗವೈಕಲ್ಯಕ್ಕಾಗಿ ಈ ನಾಯಿ ಬೇಕೇ, ಅದು ಯಾವ ಕೆಲಸ ಕಲಿತಿದೆ ಎಂಬ ಎರಡೇ ಪ್ರಶ್ನೆಗಳಲ್ಲಿ ಅಮೆರಿಕ ಈ ವಿಷಯ ಮುಗಿಸುತ್ತದೆ. ನಮಗೂ ಅಷ್ಟು ಸಾಕು. ಉಳಿದವರಿಗೆ ಹೇಳುವುದಿಷ್ಟೇ: ದಾರಿಯಲ್ಲಿ ಯಾರಾದರೂ ನಾಯಿಗೆ ಪಾಠ ಹೇಳುತ್ತಿರುವುದು ಕಂಡರೆ ಕರೆಯಬೇಡಿ, ಮುಟ್ಟಬೇಡಿ, ಬಿಸ್ಕತ್ತು ಹಾಕಬೇಡಿ. ನಿಮ್ಮ ನಾಯಿ ಜೊತೆಗಿದ್ದರೆ ರಸ್ತೆಯ ಆಚೆ ಬದಿಗೆ ದಾಟಿ ಹೋಗಿ.